ಹೂವು ಬಿಡಿ, ಗೆಣ್ಣು ನೋಡಿ

ಶಿರಸಿಯ ಹಿತ್ತಲಲ್ಲಿ ಹೆಸರು ಗೊತ್ತಿಲ್ಲದ ಗಿಡವೊಂದು ಬೆಳ್ಳಗೆ ಅರಳಿತು ಎನ್ನಿ. ಎಲ್ಲರೂ ಮೊಬೈಲ್ ಹಿಡಿಯುವುದು ಹೂವಿನ ಮುಖಕ್ಕೆ. ಒಬ್ಬರು ನಂದಿಬಟ್ಟಲು ಎನ್ನುತ್ತಾರೆ, ಇನ್ನೊಬ್ಬರು ಗಂಧರಾಜ, ಮತ್ತೊಬ್ಬರು ಯಾವುದೋ ಮಲ್ಲಿಗೆ. ಮೂರೂ ಬಿಳಿ, ಮೂರಕ್ಕೂ ಎದುರುಬದುರು ಎಲೆ. ಸುತ್ತಿನ ಹೂವಾದರಂತೂ ಕೇಸರಗಳೇ ದಳವಾಗಿ ಮಾರ್ಪಟ್ಟಿರುತ್ತವೆ. ಎಣಿಸಿ ಪ್ರಯೋಜನವಿಲ್ಲ.

ಗೆಣ್ಣು ಮಾತ್ರ ವೇಷ ಹಾಕುವುದಿಲ್ಲ. ಚಿಗುರ ತುದಿಯಿಂದ ಎರಡನೆಯ ಅಥವಾ ಮೂರನೆಯ ಗೆಣ್ಣು ಹಿಡಿದು, ಎರಡು ಎಲೆತೊಟ್ಟುಗಳ ನಡುವಿನ ಜಾಗವನ್ನು ಹತ್ತು ಪಟ್ಟಿನ ಮಸೂರದಲ್ಲಿ ನೋಡಿ. ಅಲ್ಲಿ ಚಿಕ್ಕ ಪರೆಯೊಂದಿದ್ದರೆ ಅದು ಕಾಫಿಯ ಮನೆತನ. ಪ್ರತಿ ಎಲೆಯ ಬುಡದಲ್ಲೂ ಎಡಕ್ಕೊಂದು, ಬಲಕ್ಕೊಂದು ಪರೆ. ಈಚೆ ಎಲೆಯ ಬಲಪರೆ ಆಚೆ ಎಲೆಯ ಎಡಪರೆಯೊಡನೆ ಬೆಸೆದು ಒಂದಾಗುತ್ತದೆ, ಎರಡು ಮನೆಗೂ ಸೇರಿದ ಗಡಿಬೇಲಿಯ ಹಾಗೆ. ಅಡಿಕೆಯ ಸಿಂಗಾರವನ್ನು ಹಾಳೆ ಕಾಯುವಂತೆ ಇದು ಎಳೆಮೊಗ್ಗನ್ನು ಕಾಯುತ್ತದೆ. ಒಳಗಿನ ಸಣ್ಣ ಗ್ರಂಥಿಗಳು ಅಂಟು ಬಿಟ್ಟು ಕುಡಿ ಒಣಗದಂತೆ ನೋಡಿಕೊಳ್ಳುತ್ತವೆ. ಹಳೆಯ ಗೆಣ್ಣಲ್ಲಿ ಪರೆ ಉದುರಿರಬಹುದು, ಆಗ ಅಡ್ಡಗೆರೆ ಹುಡುಕಿ.

ಗಂಧರಾಜ, ಕೇಪಳ, ಬನವಾಸಿಯ ಅರಸರಿಗೆ ಹೆಸರು ಕೊಟ್ಟ ಕದಂಬ, ಎಲ್ಲವೂ ಈ ಪರೆಯವು. ಕೇಪಳಕ್ಕೆ 1753ರಲ್ಲಿ ಸ್ವೀಡನ್ನಿನ ಸಸ್ಯವಿಜ್ಞಾನಿ ಲಿನೇಯಸ್ ಇಟ್ಟ ಹೆಸರು ಇಕ್ಸೋರಾ. ಅದು ನಮ್ಮ ಈಶ್ವರನೇ. ಪೋರ್ಚುಗೀಸರ ಬರಹದಲ್ಲಿ ಎಕ್ಸ್ ಅಕ್ಷರಕ್ಕೆ 'ಶ'ಕಾರದ ಉಚ್ಚಾರ, ಅದನ್ನೇ ಮಿಕ್ಕವರು 'ಕ್ಸ' ಎಂದು ಓದಿಕೊಂಡರು. ಗೋವೆಯ ಊರ ಹೆಸರುಗಳನ್ನು ಓದಿ ಬಲ್ಲ ಕಾರವಾರದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಎಡವುವುದು ಇಲ್ಲಿ: ನಂದಿಬಟ್ಟಲಲ್ಲೂ ತೊಟ್ಟುಗಳ ಬುಡ ಕೂಡಿ ಸಣ್ಣ ಏಣು ಕಾಣುತ್ತದೆ, ಅದನ್ನು ಪರೆ ಎಂದುಕೊಳ್ಳಬೇಡಿ. ಎಳೆ ಎಲೆಯ ತೊಟ್ಟು ಮುರಿಯಿರಿ. ಬೆಳ್ಳನೆಯ ಹಾಲು ಜಿನುಗಿತೋ, ಅದು ಗಂಧರಾಜವಂತೂ ಅಲ್ಲ. ಮುರಿಯುವುದು ಬೆಳಿಗ್ಗೆಯೇ ಇರಲಿ. ಮಧ್ಯಾಹ್ನದ ಬಿಸಿಲಿಗೆ ಗಿಡದೊಳಗಿನ ನೀರಿನ ಒತ್ತಡ ಇಳಿದು ಹಾಲು ಸರಿಯಾಗಿ ಬರುವುದಿಲ್ಲ. ರಬ್ಬರ್ ಟ್ಯಾಪಿಂಗಿನವರು ನಸುಕಿನಲ್ಲೇ ತೋಟಕ್ಕಿಳಿಯುವುದು ಇದಕ್ಕಾಗಿಯೇ. ಕೈ ತೊಳೆಯದೆ ಕಣ್ಣು ಮುಟ್ಟಬೇಡಿ. ನಂದಿಬಟ್ಟಲ ಹೂ ಹಿಂಡಿ ಕಣ್ಣಿಗೆ ಬಿಡುವ ಮನೆಮದ್ದನ್ನು ಅಜ್ಜಿ ಹೇಳಿದ್ದರೂ ಬಿಡಿ. ರುಚಿ ನೋಡುವುದಂತೂ ಬೇಡವೇ ಬೇಡ. ಹೃದಯದ ಬಡಿತವನ್ನೇ ಕೆಡಿಸುವ ಕಣಗಿಲೆಯೂ ನಂದಿಬಟ್ಟಲ ಮನೆತನದ್ದೇ.

ಪರೆಯೂ ಇಲ್ಲ, ಹಾಲೂ ಇಲ್ಲವೇ? ಒಂದೇ ಸುತ್ತಿನ ಹೂವಾದರೆ ಅದರ ನಳಿಗೆಯನ್ನು ಬ್ಲೇಡಿನಿಂದ ಉದ್ದಕ್ಕೆ ಸೀಳಿ. ಕೇಸರ ಎರಡೇ ಇದ್ದರೆ ಮಲ್ಲಿಗೆ ಎಂದವರದೇ ಗೆಲುವು. ಐದೋ ಆರೋ ಇದ್ದರೆ ಮತ್ತೆ ಗೆಣ್ಣಿಗೆ ಬನ್ನಿ, ಪರೆಯನ್ನೋ ಹಾಲನ್ನೋ ನೀವು ತಪ್ಪಿಸಿಕೊಂಡಿದ್ದೀರಿ.