ಹುಳ ಹೊಟ್ಟೆಯೊಳಗೆ ಸಂಸಾರ ಬೆಳೆಸಲ್ಲ

ತಿಂಗಳಿಗೊಂದು ಹುಳದ ಮಾತ್ರೆ ನುಂಗೋರು ನನ್ನ ಹತ್ರ ವಾರವಾರ ಬರ್ತಾರೆ. ಹೊಟ್ಟೆ ಉಬ್ಬರ, ಗ್ಯಾಸು, ನಿದ್ದೇಲಿ ಹಲ್ಲು ಕಡಿಯೋದು, ಮುಖದ ಮೇಲೆ ಬಿಳಿ ಮಚ್ಚೆ, ಮಗು ಮೈ ಹಿಡೀತಿಲ್ಲ ಅನ್ನೋದು, ಎಲ್ಲಕ್ಕೂ ಹುಳಾನೇ ಕಾರಣ ಅಂತ ಮನೇಲೇ ತೀರ್ಮಾನ ಆಗಿರುತ್ತೆ. ಸರಿ, ಒಂದು ಸಲ ತಗೊಂಡ್ರಿ, ಮತ್ತೆ ಮತ್ತೆ ಯಾಕೆ ಅಂತ ಕೇಳಿದ್ರೆ ಉತ್ತರ ಒಂದೇ. "ಒಂದೆರಡು ಉಳ್ಕೊಂಡಿದ್ರೂ ಮರಿ ಹಾಕಿ ಹೊಟ್ಟೆ ತುಂಬಾ ಆಗ್ಬಿಡುತ್ತಲ್ಲ ಡಾಕ್ಟ್ರೇ." ಓದಿದೋರು ಓದದೋರು ಅಂತ ಭೇದ ಇಲ್ಲ, ಇಂಜಿನಿಯರ್‌ಗಳೂ ಇದನ್ನೇ ಹೇಳ್ತಾರೆ. ನನಗೆ ತಾಳ್ಮೆ ತಪ್ಪೋದು ಇಲ್ಲೇ, ಅದಕ್ಕೆ ಇವತ್ತು ಈ ಒಂದು ವಿಷಯಾನೇ ಎಳೆದೆಳೆದು ಹೇಳ್ತೀನಿ.

ದುಂಡುಹುಳ ತಗೊಳ್ಳಿ, ಒಂದು ಗೇಣಿಗೂ ಮೀರಿ ಬೆಳೆಯುತ್ತಲ್ಲ, ಅದು. ಹೆಣ್ಣು ದಿನಕ್ಕೆ ಹತ್ತಿರ ಹತ್ತಿರ 2 ಲಕ್ಷ ಮೊಟ್ಟೆ ಇಡುತ್ತೆ. ಈ ಲೆಕ್ಕ ಕೇಳಿದ ತಕ್ಷಣ ಎದುರಿಗಿರೋರ ಮುಖ ಬಿಳಿಚಿಕೊಳ್ಳುತ್ತೆ, ಮುಂದಿನದನ್ನ ಯಾರೂ ಕಿವಿಗೆ ಹಾಕ್ಕೊಳ್ಳಲ್ಲ. ಆ 2 ಲಕ್ಷದಲ್ಲಿ ಒಂದೇ ಒಂದು ಮೊಟ್ಟೆನೂ ನಿಮ್ಮ ಹೊಟ್ಟೇಲಿ ಒಡೆದು ಮರಿ ಆಗಲ್ಲ. ಅದು ಮಲದ ಜೊತೆ ಆಚೆ ಹೋಗ್ಬೇಕು, ತೇವ ಇರೋ ಬೆಚ್ಚಗಿನ ಮಣ್ಣಲ್ಲಿ ಗಾಳಿ ಆಡ್ತಾ 2-3 ವಾರ ಬಿದ್ದಿರ್ಬೇಕು, ಆಗ ಮೊಟ್ಟೆ ಒಳಗೆ ಮರಿ ಬಲಿಯುತ್ತೆ. ಆಮೇಲೆ ಅದು ಮಣ್ಣಾದ ಕೈಯಲ್ಲೋ, ಸರಿಯಾಗಿ ತೊಳೆಯದ ತರಕಾರೀಲೋ ಯಾರದ್ದಾದ್ರೂ ಬಾಯಿಗೆ ಹೋಗ್ಬೇಕು. ಹೋದ ಮೇಲೂ ಅದರಿಂದ ಹೊರಬಂದ ಮರಿ ನೇರವಾಗಿ ಕರುಳಲ್ಲಿ ಕೂರಲ್ಲ, ಕರುಳಿನ ಗೋಡೆ ತೂರಿ ರಕ್ತದಲ್ಲಿ ಲಿವರ್‌ಗೆ, ಅಲ್ಲಿಂದ ಶ್ವಾಸಕೋಶಕ್ಕೆ ಹೋಗಿ, ಗಂಟಲಿಗೆ ಹತ್ತಿ, ನಾವು ಉಗುಳು ನುಂಗಿದಾಗ ಮತ್ತೆ ಸಣ್ಣ ಕರುಳಿಗೆ ಇಳಿಯುತ್ತೆ. ಬಾಯಿಗೆ ಬಿದ್ದ ದಿನದಿಂದ ಅದು ತಾನು ಮೊಟ್ಟೆ ಇಡೋ ಹೊತ್ತಿಗೆ 2-3 ತಿಂಗಳು. ಒಂದೆರಡು ವರ್ಷ ಬದುಕಿ ತಾನಾಗೇ ಸಾಯುತ್ತೆ.

ಅಂದ್ರೆ ಒಳಗೆ ಹತ್ತು ಹುಳ ಇದ್ರೆ, ಕನಿಷ್ಠ ಹತ್ತು ಮೊಟ್ಟೆ ಹೊರಗಿಂದ ಬಾಯಿಗೆ ಬಂದಿದೆ ಅಂತಾನೇ ಅರ್ಥ. ಎರಡು ಇದ್ದಿದ್ದು ಇಪ್ಪತ್ತಾಗೋಕೆ ಒಳಗಿಂದ ದಾರಿನೇ ಇಲ್ಲ.

1922ರಲ್ಲಿ ಜಪಾನಿನ ಕೊಯಿನೊ ಅನ್ನೋ ವೈದ್ಯ ಬಲಿತ ದುಂಡುಹುಳದ ಮೊಟ್ಟೆ 2000 ಎಣಿಸಿ ತಾನೇ ನುಂಗಿಬಿಟ್ಟ. ಕೆಲವು ದಿನಕ್ಕೆ ಜ್ವರ, ಕೆಮ್ಮು, ಕಫದಲ್ಲಿ ಓಡಾಡೋ ಮರಿಗಳು. ಹುಳ ಶ್ವಾಸಕೋಶದ ದಾರಿ ಹಿಡಿಯೋದು ಮನುಷ್ಯರಲ್ಲೂ ಹೌದು ಅಂತ ಗೊತ್ತಾಗಿದ್ದು ಹಾಗೆ. ನುಂಗಿದ್ದರಲ್ಲಿ ಒಂದಷ್ಟು ದಾರೀಲೇ ಸಾಯುತ್ತವೆ, ಕೊನೇಲಿ ಉಳಿಯೋದು ನುಂಗಿದ್ದಕ್ಕಿಂತ ಕಮ್ಮಿನೇ. ಈ ಕಥೆ ಹೇಳಿದಾಗೆಲ್ಲ ಜನ ಮೂಗು ಮುಚ್ಕೋತಾರೆ. ನನಗಂತೂ ಆ ಮನುಷ್ಯನ ಮೇಲೆ ಗೌರವ.

ಕೊಕ್ಕೆಹುಳ, ಚಾಟಿಹುಳದ್ದೂ ಇದೇ ಲೆಕ್ಕ, ಕೊಕ್ಕೆಹುಳ ಹೆಚ್ಚಾಗಿ ಬರಿಗಾಲಿನ ಚರ್ಮದ ಮೂಲಕ ಬರುತ್ತೆ ಅಷ್ಟೆ. ಹುಳಕ್ಕೆ ಕೊಡೋ ಅಲ್ಬೆಂಡಜೋಲ್ ಮಾತ್ರೆಯ ಔಷಧಿ ನುಂಗಿದ ಒಂದೆರಡು ದಿನದಲ್ಲಿ ಮೈಯಿಂದ ಹೋಗಿಬಿಡುತ್ತೆ. ಅದು ಒಳಗಿರೋರನ್ನ ಆಚೆ ಕಳಿಸುತ್ತೆ, ಬಾಗಿಲು ಹಾಕಲ್ಲ. ನಾಡಿದ್ದು ಮತ್ತೆ ಮೊಟ್ಟೆ ಬಾಯಿಗೆ ಬಂದ್ರೆ ಮತ್ತೆ ಹುಳ. ಹಾಗಾಗಿ ಪದೇ ಪದೇ ಹುಳ ಸಿಕ್ತಾ ಇದ್ರೆ ನಾನು ಕೇಳೋದು ಶೌಚ ಎಲ್ಲಿ, ಮಕ್ಕಳು ಆಡೋ ಮಣ್ಣು ಎಂಥದು, ಕಾಲಿಗೆ ಚಪ್ಪಲಿ ಇದೆಯಾ, ಉಗುರು ಹೇಗಿದೆ ಅಂತ. ಮಾತ್ರೆ ಹೆಸರು ಕೇಳೋಕೆ ಬಂದೋರಿಗೆ ಈ ಪ್ರಶ್ನೆಗಳು ಬೇಜಾರು ಅಂತ ಗೊತ್ತು, ಆದ್ರೂ ಬಿಡಲ್ಲ.

ಇಲ್ಲೊಂದು ಮಾತು ಗಟ್ಟಿಯಾಗಿ ಹೇಳ್ಬೇಕು, ಇದನ್ನ ಓದಿ ಯಾರೂ ಸ್ಕೂಲಲ್ಲಿ ಕೊಡೋ ಹುಳದ ಮಾತ್ರೆ ಬೇಡ ಅನ್ಬೇಡಿ. ಮಣ್ಣಿಂದ ಬರೋ ಹುಳಗಳ ಸೋಂಕು ನೂರಕ್ಕೆ 20ಕ್ಕಿಂತ ಜಾಸ್ತಿ ಇರೋ ಕಡೆ ಮಕ್ಕಳಿಗೆ ವರ್ಷಕ್ಕೊಂದು ಸಲ, 50 ದಾಟಿದ ಕಡೆ ಎರಡು ಸಲ ಕೊಡಿ ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳೋದು ಸರಿಯಾಗೇ ಇದೆ. ಅಲ್ಲಿ ಮಕ್ಕಳಿಗೆ ಹೊರಗಿಂದ ಬರ್ತಾನೇ ಇರುತ್ತೆ, ಹುಳದ ಸಂಖ್ಯೆ ಏರಿದ್ರೆ ರಕ್ತಹೀನತೆ, ಬೆಳವಣಿಗೆ ಕುಂಠಿತ. ನಾನು ಹೇಳ್ತಿರೋದು ಆ ಲೆಕ್ಕಕ್ಕೆ ಹೊರಗೆ, ಪರೀಕ್ಷೆ ಇಲ್ದೆ ತಿಂಗಳು ತಿಂಗಳು ನುಂಗೋ ದೊಡ್ಡೋರ ಬಗ್ಗೆ. ಗರ್ಭಿಣಿಯರಿಗೆ ಮೊದಲ ಮೂರು ತಿಂಗಳಲ್ಲಿ ಈ ಮಾತ್ರೆ ಕೊಡಲ್ಲ ಅನ್ನೋದೂ ನೆನಪಿರಲಿ.

ಇನ್ನು ಈ ಲೆಕ್ಕ ತಪ್ಪಿಸೋ ಹುಳಗಳು. ಒಂದು, ರಾತ್ರಿ ಹೊತ್ತು ಮಲದ್ವಾರ ತುರಿಸೋ ಹಾಗೆ ಮಾಡೋ ಸಣ್ಣ ದಾರದಂಥ ಹುಳ, ಪಿನ್‌ವರ್ಮ್. ಇದರ ಮೊಟ್ಟೆಗೆ ಮಣ್ಣೂ ಬೇಡ ವಾರಗಳೂ ಬೇಡ, ಕೆಲವೇ ಗಂಟೇಲಿ ಬಲಿಯುತ್ತೆ, ಮಗು ಕೆರ್ಕೊಂಡು ಅದೇ ಕೈ ಬಾಯಿಗಿಟ್ರೆ ಚಕ್ರ ಮತ್ತೆ ಶುರು. ಒಬ್ಬ ತಾಯಿ ಮಗಳನ್ನ ಕರ್ಕೊಂಡು ಬಂದಿದ್ರು, ಮಗು ರಾತ್ರಿ ಎದ್ದು ಅಳುತ್ತೆ, ಸ್ಟೂಲ್ ಟೆಸ್ಟಲ್ಲಿ ಏನೂ ಇಲ್ಲ ಅಂತ. ಈ ಹುಳ ಮೊಟ್ಟೆ ಇಡೋದು ಆಚೆ ಬಂದು ಚರ್ಮದ ಮೇಲೆ, ಮಲದಲ್ಲಿ ಹುಡುಕಿದ್ರೆ ಸಿಗೋದು ಕಮ್ಮಿ. "ಬೆಳಿಗ್ಗೆ ಮಗು ಎದ್ದ ತಕ್ಷಣ, ತೊಳೆಯೋಕೆ ಮುಂಚೆ, ಪಾರದರ್ಶಕ ಅಂಟುಟೇಪನ್ನ ಮಲದ್ವಾರದ ಹತ್ರ ಒತ್ತಿ ತೆಗೆದು ಸ್ಲೈಡಿಗೆ ಅಂಟಿಸಿ ತನ್ನಿ ಅಮ್ಮಾ" ಅಂದೆ. ಮೈಕ್ರೋಸ್ಕೋಪಲ್ಲಿ ಸಾಲು ಸಾಲು ಮೊಟ್ಟೆ, ಒಂದು ಪಕ್ಕ ಚಪ್ಪಟೆ ಇನ್ನೊಂದು ಪಕ್ಕ ಉಬ್ಬು, ಒಳಗೆ ಮಡಿಚಿಕೊಂಡ ಮರಿ. ಆ ತಾಯಿಗೂ ತೋರಿಸಿದೆ, ಬಹಳ ಹೊತ್ತು ಕಣ್ಣು ತೆಗೀಲಿಲ್ಲ. ಇದಕ್ಕೆ ಮನೆ ಮಂದಿಗೆಲ್ಲ ಒಂದೇ ದಿನ ಮಾತ್ರೆ, ಎರಡು ವಾರ ಬಿಟ್ಟು ಇನ್ನೊಂದು ಸಲ, ಯಾಕಂದ್ರೆ ಮಾತ್ರೆಗೆ ಹುಳ ಸಾಯುತ್ತೆ, ಆದ್ರೆ ಮೊಟ್ಟೆನೂ ಸಾಯುತ್ತೆ ಅನ್ನೋ ಭರವಸೆ ಇಲ್ಲ. ಹಾಸಿಗೆ, ಒಳಬಟ್ಟೆ, ಉಗುರು ಕೂಡ ನೋಡ್ಬೇಕು.

ಇನ್ನೊಂದು ಸ್ಟ್ರಾಂಜಿಲಾಯ್ಡಿಸ್. ಇದು ನಿಜಕ್ಕೂ ಮೈಯೊಳಗೇ ಸಂತಾನ ಮುಂದುವರೆಸೋ ಹುಳ, ಹೊರಗಿಂದ ಹೊಸದಾಗಿ ಬರದಿದ್ರೂ ದಶಕಗಟ್ಟಲೆ ಇರುತ್ತೆ. ಎರಡನೇ ಮಹಾಯುದ್ಧದಲ್ಲಿ ಬರ್ಮಾ-ಥಾಯ್ಲೆಂಡ್ ರೈಲುದಾರಿ ಕೆಲಸಕ್ಕೆ ಹಾಕಿದ್ದ ಯುದ್ಧಕೈದಿಗಳಲ್ಲಿ ಮನೆಗೆ ಹೋಗಿ ಎಷ್ಟೋ ದಶಕ ಆದ್ಮೇಲೂ ಇದು ಸಿಕ್ಕಿದೆ. ಸುಮ್ಮನೆ ಇದ್ದಿದ್ದು, ಸ್ಟೀರಾಯ್ಡ್ ಕೊಟ್ಟಾಗ ಮೈಯೆಲ್ಲಾ ಹರಡಿ ಪ್ರಾಣಕ್ಕೇ ಬರಬಹುದು. ಒಂದೇ ಡೋಸ್ ಅಲ್ಬೆಂಡಜೋಲ್ ಇದಕ್ಕೆ ಸಾಲಲ್ಲ, ಐವರ್ಮೆಕ್ಟಿನ್ ಬೇಕು, ಅದನ್ನೂ ಡಾಕ್ಟರ್ ನೋಡೇ ಕೊಡ್ಬೇಕು. ಬರಿಗಾಲಲ್ಲಿ ಮಣ್ಣಿನ ಕೆಲಸ ಮಾಡಿದೋರಿಗೆ, ರಕ್ತದಲ್ಲಿ ಇಸಿನೋಫಿಲ್ ಅನ್ನೋ ಬಿಳಿ ರಕ್ತಕಣ ಏರಿರೋರಿಗೆ ದೊಡ್ಡ ಡೋಸ್ ಸ್ಟೀರಾಯ್ಡ್ ಶುರು ಮಾಡೋ ಮುಂಚೆ ಇದನ್ನ ಒಂದು ಸಲ ನೋಡಿಬಿಡಿ ಅಂತ ಕೇಳಿ. ತಿಂಗಳಿಗೊಂದು ಮಾತ್ರೆ ನುಂಗಿದೋರೂ ಇದರಿಂದ ಪಾರಾದ್ವಿ ಅಂದ್ಕೋಬೇಡಿ.

ಇತ್ತೀಚೆಗೆ ಶುರುವಾಗಿರೋದು ಫೋಟೋ. ಹೊಟ್ಟೆ ತೊಳೆಯುತ್ತೆ ಅನ್ನೋ ಕ್ಲೆನ್ಸ್ ಪುಡಿ ಕುಡಿದು ಆಚೆ ಬಂದ ಉದ್ದುದ್ದ ಎಳೆಗಳ ಫೋಟೋ ಫೋನಲ್ಲಿ ತೋರಿಸಿ "ನೋಡಿ, ಎಷ್ಟು ಹುಳ" ಅಂತಾರೆ. ಒಬ್ಬರು ಡಬ್ಬೀಲೇ ತಂದಿದ್ರು, ಅವರೆದುರೇ ಒಂದು ಎಳೆ ತೆಗೆದು ಸಲೈನಲ್ಲಿ ಬಿಡಿಸಿ ಮೈಕ್ರೋಸ್ಕೋಪಿಗೆ ಇಟ್ಟೆ. ಬಾಯಿಲ್ಲ, ಕರುಳಿಲ್ಲ, ಮೊಟ್ಟೆಚೀಲ ಇಲ್ಲ, ಇದ್ದಿದ್ದು ಕರುಳಿನ ಲೋಳೆ, ಮಧ್ಯೆ ಮಧ್ಯೆ ಸಸ್ಯದ ನಾರು, ಸುರುಳಿ ಸುರುಳಿ ನಾಳಗಳು. ಕರುಳಿಗೆ ಉರಿ ಹಚ್ಚೋ ಪುಡಿ ಹಾಕಿದ್ರೆ ಲೋಳೆ ಬರದೆ ಇನ್ನೇನು ಬರುತ್ತೆ? ಅವರಿಗೆ ಸಮಾಧಾನ ಆಯ್ತೋ ಇಲ್ವೋ ಗೊತ್ತಿಲ್ಲ, ಪುಡಿ ಮಾತ್ರ ನಿಲ್ಲಿಸಿದ್ರು.

ಹೊಟ್ಟೇಲಿ ನಿಜವಾಗಿ ಒಂದು ಎರಡಾಗಿ ಹೆಚ್ಚೋದು ಬ್ಯಾಕ್ಟೀರಿಯಾ. ಒಬ್ಬ ಮನುಷ್ಯನಲ್ಲಿ ಸುಮಾರು 38 ಲಕ್ಷ ಕೋಟಿ, ಬಹುಪಾಲು ದೊಡ್ಡ ಕರುಳಲ್ಲಿ. ಅವು ನಮಗೆ ಬೇಕು. ಹುಳಕ್ಕೂ ಅವುಕ್ಕೂ ನಂಟಿದೆ, ಇಲಿಗಳ ಹೊಟ್ಟೆಗೆ ಹೊರಗಿಂದ ಬಂದ ಚಾಟಿಹುಳದ ಮೊಟ್ಟೆ ಒಡೆಯೋಕೆ ಕರುಳಿನ ಬ್ಯಾಕ್ಟೀರಿಯಾ ಅದರ ತುದಿಗೆ ಅಂಟ್ಕೋಬೇಕು ಅಂತ 2010ರಲ್ಲಿ ತೋರಿಸಿದ್ರು. ಹಾಗಂತ ಹುಳ ಇದ್ರೆ ಒಳ್ಳೇದು ಅಂತ ಇನ್ನೊಂದು ತುದಿಗೆ ಹೋಗೋರೂ ಇದ್ದಾರೆ. ಹಂದಿಯ ಚಾಟಿಹುಳದ ಮೊಟ್ಟೆ ಕುಡಿಸಿದ್ರೆ ಕ್ರೋನ್ಸ್ ಅನ್ನೋ ಕರುಳಿನ ಉರಿಯೂತದ ಕಾಯಿಲೆ ಇಳಿಯುತ್ತೆ ಅಂತ 2005ರ ಸಣ್ಣ ಪ್ರಯೋಗದಲ್ಲಿ ಆಸೆ ಹುಟ್ಟಿತ್ತು, ಆಮೇಲಿನ ದೊಡ್ಡ ಪ್ರಯೋಗಗಳಲ್ಲಿ ಅದು ನಿಲ್ಲಲಿಲ್ಲ.

ನನಗೆ ಸಂಕಟ ಆಗೋದು ಮೆಟ್ರೋನಿಡಜೋಲ್ ಅನ್ನೋ ಆಂಟಿಬಯೋಟಿಕ್ ಕಂಡು. ಮಲದ ರಿಪೋರ್ಟಲ್ಲಿ "ಅಮೀಬಾ ಸಿಸ್ಟ್" (ಗಟ್ಟಿ ಕವಚದೊಳಗಿರೋ ಅಮೀಬಾ) ಅಥವಾ "ಬ್ಲಾಸ್ಟೋಸಿಸ್ಟಿಸ್" (ಕರುಳಲ್ಲಿರೋ ಇನ್ನೊಂದು ಏಕಕೋಶ ಜೀವಿ) ಅಂತ ಕಂಡ್ರೆ ಸಾಕು, ಕೋರ್ಸ್ ಮೇಲೆ ಕೋರ್ಸ್. ಕಾಯಿಲೆ ಮಾಡೋ ಅಮೀಬಾ, ಮಾಡದೇ ಇರೋ ಅಮೀಬಾ ಎರಡರ ಸಿಸ್ಟೂ ಮೈಕ್ರೋಸ್ಕೋಪಲ್ಲಿ ಒಂದೇ ಥರ ಕಾಣುತ್ತೆ, ಬೇರೆ ಮಾಡೋಕೆ ಆಂಟಿಜೆನ್ ಇಲ್ಲಾ ಪಿಸಿಆರ್ ಪರೀಕ್ಷೆ ಬೇಕು. ಬ್ಲಾಸ್ಟೋಸಿಸ್ಟಿಸ್ ಅಂತೂ ಆರೋಗ್ಯವಾಗಿರೋರಲ್ಲೂ ಧಾರಾಳ, ಕರುಳಲ್ಲಿ ಬಗೆಬಗೆ ಬ್ಯಾಕ್ಟೀರಿಯಾ ಚೆನ್ನಾಗಿರೋರಲ್ಲೇ ಅದು ಜಾಸ್ತಿ ಅಂತ ಹಲವು ಅಧ್ಯಯನಗಳಲ್ಲಿ ಕಂಡಿದೆ. ಮೆಟ್ರೋನಿಡಜೋಲ್ ಹೊಡೆಯೋದು ಆಮ್ಲಜನಕ ಇಲ್ದೆ ಬದುಕೋ ಜೀವಿಗಳನ್ನ, ದೊಡ್ಡ ಕರುಳಿನ ಬ್ಯಾಕ್ಟೀರಿಯಾದಲ್ಲಿ ಹೆಚ್ಚಿನವು ಆ ಜಾತಿಯವೇ. ಬೇಕಾದಾಗ ಅದು ಜೀವ ಉಳಿಸೋ ಔಷಧಿ, ನಾನೇ ಬರೀತೀನಿ. ರಿಪೋರ್ಟಿನ ಒಂದು ಪದಕ್ಕೆ ಬರೆಯಲ್ಲ.

"ಹಾಗಾದ್ರೆ ನನ್ನ ಹೊಟ್ಟೆ ಯಾಕೆ ಸರಿ ಹೋಗಿಲ್ಲ?" ನ್ಯಾಯವಾದ ಪ್ರಶ್ನೆ. ನಾರ್ವೆಯ ಬರ್ಗನ್‌ನಲ್ಲಿ 2004ರಲ್ಲಿ ಕುಡಿಯೋ ನೀರಿಂದ ಜಿಯಾರ್ಡಿಯಾ ಅನ್ನೋ ಕರುಳಿನ ಏಕಕೋಶ ಪರಾವಲಂಬಿ ಹರಡಿತು. ಆ ಜನರನ್ನ ವರ್ಷಗಟ್ಟಲೆ ಹಿಂಬಾಲಿಸಿ ನೋಡಿದಾಗ, ಪರಾವಲಂಬಿ ಹೋಗಿ 10 ವರ್ಷ ಆದ್ರೂ ಸೋಂಕು ಬಂದಿದ್ದೋರಲ್ಲಿ ಹೊಟ್ಟೆನೋವು, ಭೇದಿ, ಉಬ್ಬರದ ಐಬಿಎಸ್ (ಕೆರಳೋ ಕರುಳಿನ ತೊಂದರೆ) ಉಳಿದೋರಿಗಿಂತ ಬಹಳ ಜಾಸ್ತಿ ಇತ್ತು. ನೋವು ನಿಜ, ಪರಾವಲಂಬಿ ಮಾತ್ರ ಇಲ್ಲ. ಇಂಥೋರಿಗೆ ಇನ್ನೊಂದು ಡೋಸ್ ಕೊಟ್ರೆ ಉಪಯೋಗ ಇಲ್ಲ, ಐಬಿಎಸ್‌ಗೆ ಬೇರೆ ಚಿಕಿತ್ಸೆ ಇದೆ, ನಿಧಾನ ಹಿಡಿಯುತ್ತೆ, ಕೂತು ಮಾತಾಡ್ಬೇಕು. ಅನುಮಾನ ಇದ್ರೆ ಬೇರೆ ಬೇರೆ ದಿನ ಮೂರು ಸ್ಯಾಂಪಲ್ ಕೊಡಿ, ಯಾಕಂದ್ರೆ ಮೊಟ್ಟೆ, ಸಿಸ್ಟ್ ದಿನಾ ಬರಲ್ಲ. ತೂಕ ಇಳೀತಿದ್ರೆ, ಮಲದಲ್ಲಿ ರಕ್ತ ಇದ್ರೆ, ಹಿಮೋಗ್ಲೋಬಿನ್ ಕಮ್ಮಿ ಆಗ್ತಿದ್ರೆ, ರಾತ್ರಿ ನಿದ್ದೆಯಿಂದ ಎಬ್ಬಿಸೋ ಭೇದಿ ಇದ್ರೆ ಮಾತ್ರ ಕಾಯ್ಬೇಡಿ, ಹುಳದ ಮಾತ್ರೆ ನುಂಗಿ ನೋಡೋಣ ಅಂತಾನೂ ಕೂರ್ಬೇಡಿ, ಅದೇ ವಾರ ಡಾಕ್ಟರ ಹತ್ರ ಹೋಗಿ, ಇಲ್ಲಿವರೆಗೆ ಯಾವ ಮಾತ್ರೆ ಎಷ್ಟು ಸಲ ನುಂಗಿದ್ದೀರಿ ಅನ್ನೋದನ್ನ ಒಂದು ಚೀಟೀಲಿ ಬರ್ಕೊಂಡು ಹೋಗಿ.