ಒಟ್ಟಿಗೆ ಬೆಳೆದವರಲ್ಲಿ ಪರಸ್ಪರ ಆಕರ್ಷಣೆ ಏಕೆ ವಿರಳ? ವೆಸ್ಟರ್‌ಮಾರ್ಕ್ ಪರಿಣಾಮ

ಬಾಲ್ಯದ ಮೊದಲ ವರ್ಷಗಳನ್ನು ಒಂದೇ ಸೂರಿನಡಿ ಒಟ್ಟಿಗೆ ಕಳೆದವರಲ್ಲಿ, ಅವರು ರಕ್ತಸಂಬಂಧಿಗಳಾಗಿರಲಿ ಇಲ್ಲದಿರಲಿ, ಪ್ರಾಯಕ್ಕೆ ಬಂದ ಮೇಲೆ ಪರಸ್ಪರ ಲೈಂಗಿಕ ಆಕರ್ಷಣೆ ಹುಟ್ಟುವುದು ವಿರಳವೆಂದು ಫಿನ್ಲೆಂಡಿನ ಮಾನವಶಾಸ್ತ್ರಜ್ಞ ಎಡ್ವರ್ಡ್ ವೆಸ್ಟರ್‌ಮಾರ್ಕ್ 1891ರಲ್ಲಿ ಪ್ರತಿಪಾದಿಸಿದರು. ಈ ವಿಚಾರದ ಜೀವಾಳವಿರುವುದು ‘ಇಲ್ಲದಿರಲಿ’ ಎಂಬುದರಲ್ಲಿ. ಮನಸ್ಸಿಗೆ ರಕ್ತಸಂಬಂಧವನ್ನು ನೇರವಾಗಿ ಅರಿಯುವ ದಾರಿ ತೀರಾ ಕಡಿಮೆ. ಅದು ಶೈಶವದಿಂದ ಜೊತೆಗಿದ್ದವರನ್ನೇ ಒಡಹುಟ್ಟಿದವರೆಂದು ಪರಿಗಣಿಸುತ್ತದೆ.

ಆಕರ್ಷಣೆಯಿಂದ ದೂರವಿಡುವ ಇಂತಹ ಪ್ರವೃತ್ತಿ ವಿಕಾಸದ ಹಾದಿಯಲ್ಲಿ ಉಳಿದುಬಂದಿರುವುದಕ್ಕೆ ಕಾರಣ ಸ್ಪಷ್ಟವಾಗಿದೆ. ಒಡಹುಟ್ಟಿದವರು ಸರಾಸರಿ ಅರ್ಧದಷ್ಟು ವಂಶವಾಹಿಗಳನ್ನು ಹಂಚಿಕೊಂಡಿರುವುದರಿಂದ, ಇಬ್ಬರಲ್ಲೂ ಅಡಗಿರುವ ಒಂದೇ ದೋಷಯುಕ್ತ ವಂಶವಾಹಿ ಅವರ ಮಗುವಿನಲ್ಲಿ ಜೋಡಿಯಾಗಿ ಕೂಡಿ ರೋಗವಾಗಿ ಪ್ರಕಟವಾಗುವ ಸಂಭವ ಬಹಳ ಹೆಚ್ಚುತ್ತದೆ.

ಸಿದ್ಧಾಂತವನ್ನು ಪರೀಕ್ಷಿಸಲು ರಕ್ತಸಂಬಂಧವಿಲ್ಲದೆಯೂ ಒಟ್ಟಿಗೆ ಬೆಳೆದವರು ಬೇಕು. ಇದಕ್ಕೆ ಅತ್ಯಂತ ಬಲವಾದ ಆಧಾರ ತೈವಾನಿನದೆಂದು ನನ್ನ ಅಭಿಪ್ರಾಯ. ಅಲ್ಲಿ ಹಿಂದೆ ಹೆಣ್ಣುಮಗುವನ್ನು ಎಳೆಯ ಪ್ರಾಯದಲ್ಲೇ ದತ್ತು ತಂದು, ಮನೆಯ ಮಗನೊಡನೆ ಬೆಳೆಸಿ, ಮುಂದೆ ಅವನಿಗೇ ಮದುವೆ ಮಾಡುವ ಪದ್ಧತಿಯಿತ್ತು. ಮಾನವಶಾಸ್ತ್ರಜ್ಞ ಆರ್ಥರ್ ವುಲ್ಫ್ ದಶಕಗಳ ಕಾಲ ಅಲ್ಲಿನ ಮನೆವಾರು ನೋಂದಣಿ ದಾಖಲೆಗಳಿಂದ ಹದಿನಾಲ್ಕು ಸಾವಿರಕ್ಕೂ ಹೆಚ್ಚು ಮಹಿಳೆಯರ ವೈವಾಹಿಕ ಜೀವನವನ್ನು ಅಧ್ಯಯನ ಮಾಡಿದರು. ಇಂತಹ ದಾಂಪತ್ಯಗಳಲ್ಲಿ ಮಕ್ಕಳು ಕಡಿಮೆ, ವಿಚ್ಛೇದನ ಹೆಚ್ಚು. ಅದರಲ್ಲೂ ಹುಡುಗಿ ಮೂರು ವರ್ಷ ತುಂಬುವ ಮೊದಲೇ ಬಂದಿದ್ದರೆ ಈ ಪರಿಣಾಮ ತೀವ್ರ. ನವದಂಪತಿ ಓಡಿಹೋಗದಂತೆ ಕೋಣೆಯ ಬಾಗಿಲ ಹೊರಗೆ ಕೋಲು ಹಿಡಿದು ನಿಲ್ಲಬೇಕಾಯಿತೆಂದು ಒಬ್ಬ ವೃದ್ಧ ತಂದೆ ವುಲ್ಫ್ ಅವರಿಗೆ ಹೇಳಿದ್ದುಂಟು. ದತ್ತು ಬಂದ ಹುಡುಗಿಯರನ್ನು ಸರಿಯಾಗಿ ನೋಡಿಕೊಳ್ಳದಿರುವುದೇ ಇದಕ್ಕೆ ಕಾರಣವಿರಬಹುದಲ್ಲವೇ ಎಂಬ ಪ್ರಶ್ನೆ ಸಹಜವಾಗಿ ಏಳುತ್ತದೆ. ಆದರೆ ಹಾಗೆಯೇ ದತ್ತು ಬಂದು, ಬಳಿಕ ಬೇರೆಯವರನ್ನು ಮದುವೆಯಾದವರ ದಾಂಪತ್ಯದಲ್ಲಿ ಈ ಕೊರತೆ ಕಾಣಲಿಲ್ಲ.

ಇಸ್ರೇಲಿನ ಕಿಬುಟ್ಜ್‌ ಎಂಬ ಸಾಮೂಹಿಕ ವಸಾಹತುಗಳಲ್ಲಿ ಸಮವಯಸ್ಕ ಮಕ್ಕಳು ಪಾಲಕರಿಂದ ಬೇರೆಯಾಗಿ ಶಿಶುಗೃಹಗಳಲ್ಲಿ ಜೊತೆಯಾಗಿ ಬೆಳೆಯುತ್ತಿದ್ದರು. ಅವರ ಮದುವೆಗೆ ಯಾವ ನಿಷೇಧವೂ ಇರಲಿಲ್ಲ. ಆದರೂ ಜೋಸೆಫ್ ಶೆಫರ್ 1971ರಲ್ಲಿ ಪ್ರಕಟಿಸಿದ ಅಧ್ಯಯನದ 2769 ಮದುವೆಗಳಲ್ಲಿ ಒಂದೇ ಗುಂಪಿನವರ ನಡುವಿನವು ಹದಿನಾಲ್ಕನ್ನು ಮೀರಲಿಲ್ಲ. ಈ ಸಂಖ್ಯೆಯನ್ನು ಎಚ್ಚರದಿಂದ ಬಳಸಬೇಕು: ಮದುವೆಯಾಗದಿರುವುದು ಆಕರ್ಷಣೆ ಇರಲಿಲ್ಲವೆಂಬುದಕ್ಕೆ ಪುರಾವೆಯಲ್ಲ. ಅಲ್ಲಿ ಬೆಳೆದವರನ್ನು ಸಂದರ್ಶಿಸಿ 2009ರಲ್ಲಿ ಶೋರ್ ಮತ್ತು ಸಿಮ್ಖಾಯ್ ಪ್ರಕಟಿಸಿದ ಲೇಖನದಲ್ಲಿ ಹಲವರು ತಮ್ಮ ಗುಂಪಿನ ಗೆಳೆಯ-ಗೆಳತಿಯರತ್ತ ತಮಗೆ ಆಕರ್ಷಣೆ ಇದ್ದುದಾಗಿ ಹೇಳಿದ್ದಾರೆ. ಆದ್ದರಿಂದ ಇದನ್ನು ತಪ್ಪದೆ ನಡೆಯುವ ನಿಯಮವೆನ್ನದೆ, ಪ್ರಬಲವಾದ ಪ್ರವೃತ್ತಿ ಎನ್ನುವುದೇ ಸರಿ.

ತಾತ್ವಿಕವಾಗಿ ಕಠಿಣವಾದ ಆಕ್ಷೇಪ ಮಾನವಶಾಸ್ತ್ರಜ್ಞ ಜೇಮ್ಸ್ ಫ್ರೇಜರ್ ಅವರದು. ಒಡಹುಟ್ಟಿದವರ ನಡುವಿನ ಲೈಂಗಿಕ ಸಂಬಂಧದಂತಹ, ಜನ ಸಹಜವಾಗಿಯೇ ಮಾಡದಿರುವ ಕೆಲಸವನ್ನು ಕಾನೂನು ಏಕೆ ನಿಷೇಧಿಸಬೇಕು ಎಂದು ಅವರು 1910ರಲ್ಲಿ ಕೇಳಿದರು. ಕುಟುಂಬದೊಳಗಿನ ಬಯಕೆಯನ್ನು ಹತ್ತಿಕ್ಕಲೆಂದೇ ನಿಷೇಧ ಹುಟ್ಟಿತೆಂದು ನಂಬಿದ್ದ ಮನೋವಿಶ್ಲೇಷಣೆಯ ಜನಕ ಫ್ರಾಯ್ಡ್ ಈ ವಾದವನ್ನು ಮೆಚ್ಚಿ ಎತ್ತಿಕೊಂಡರು. ವೆಸ್ಟರ್‌ಮಾರ್ಕ್ ಅವರ ದೃಷ್ಟಿಯಲ್ಲಿ, ತನಗೆ ಹೇಸಿಗೆಯೆನಿಸಿದ್ದನ್ನು ಮತ್ತೊಬ್ಬರು ಮಾಡಿದಾಗ ಮನುಷ್ಯ ಅದನ್ನು ಖಂಡಿಸುತ್ತಾನೆ. ನಿಷೇಧ ಬೇರೂರಿರುವುದು ಆ ಖಂಡನೆಯಲ್ಲಿ. ಸಂಶೋಧಕರಾದ ಡೆಬ್ರಾ ಲೀಬರ್‌ಮನ್, ಜಾನ್ ಟೂಬಿ ಮತ್ತು ಲೀಡಾ ಕಾಸ್ಮೈಡ್ಸ್ 2003ರಲ್ಲಿ ಇದನ್ನೇ ಪರೀಕ್ಷಿಸಿದರು. ವಿರುದ್ಧ ಲಿಂಗದ ಒಡಹುಟ್ಟಿದವರೊಡನೆ ಹೆಚ್ಚು ವರ್ಷ ಒಂದೇ ಮನೆಯಲ್ಲಿ ಬೆಳೆದಷ್ಟೂ, ಅಪರಿಚಿತ ಅಣ್ಣ-ತಂಗಿಯರ ನಡುವಿನ ಲೈಂಗಿಕ ಸಂಬಂಧವನ್ನು ಜನ ಹೆಚ್ಚು ಕಟುವಾಗಿ ಖಂಡಿಸಿದರು. ಜೊತೆಗೆ ಬೆಳೆದವರು ನಿಜಕ್ಕೂ ರಕ್ತಸಂಬಂಧಿಗಳೋ ಅಲ್ಲವೋ ಎಂಬುದು ಆ ಖಂಡನೆಯ ತೀವ್ರತೆಯನ್ನು ನಿರ್ಧರಿಸಲಿಲ್ಲ.