ಮಕ್ಕಳ ನಡತೆ ರೂಪಿಸುವವರು ಯಾರು: ಮನೆಯವರೋ, ಗೆಳೆಯರೋ, ಟೀಚರೋ?

ಓದುಗರ ಪ್ರಶ್ನೆ: ಮಗಳಿಗೆ ಹತ್ತು ವರ್ಷ. ಶಾಲೆಯಲ್ಲಿ ಅವಳಷ್ಟು ಸಮಾಧಾನದ ಹುಡುಗಿ ಇಲ್ಲ ಅನ್ನುತ್ತಾರೆ ಟೀಚರ್. ಮನೆಯಲ್ಲಿ ಮಾತೆತ್ತಿದರೆ ಎದುರುತ್ತರ, ಬೇಡ ಅಂದರೆ ದಡಾರನೆ ಬಾಗಿಲು. ಇದು ಗೆಳತಿಯರ ಸಹವಾಸವೋ, ನಾವು ಬೆಳೆಸಿದ್ದರಲ್ಲೇ ತಪ್ಪೋ? ಮಕ್ಕಳ ನಡತೆಯ ಮೇಲೆ ಯಾರ ಪ್ರಭಾವ ಹೆಚ್ಚು?

ಉತ್ತರ: ಒಬ್ಬರ ಹೆಸರು ಹೇಳಿ ಮುಗಿಸುವ ಹಾಗಿಲ್ಲ. ಯಾವ ನಡತೆ, ಯಾವ ಜಾಗದಲ್ಲಿ, ಯಾವ ವಯಸ್ಸಿನಲ್ಲಿ ಎಂದು ಕೇಳಿದರೆ ಮಾತ್ರ ಉತ್ತರ ಸಿಗುತ್ತದೆ. ನಿಮ್ಮ ಮಗಳ ಮಟ್ಟಿಗೆ ಅದು ಪ್ರಶ್ನೆಯೊಳಗೇ ಇದೆ. ಅದೇ ಹುಡುಗಿ ಶಾಲೆಯಲ್ಲಿ ಒಂದು ರೀತಿ, ಮನೆಯಲ್ಲಿ ಇನ್ನೊಂದು ರೀತಿ. ಎದುರುತ್ತರದ ಧಾಟಿಯನ್ನು ಗೆಳತಿಯರಿಂದ ತಂದಿರಬಹುದು. ಅದು ಮನೆಯಲ್ಲಿ ಬೇರು ಬಿಟ್ಟಿರುವುದು ಮನೆಯಲ್ಲಿ ಅದರಿಂದ ಕೆಲಸ ಆಗುತ್ತಿರುವುದಕ್ಕೆ.

ಈ ಮೂವರ ಜೊತೆಗೆ, ಯಾರೂ ಲೆಕ್ಕಕ್ಕೆ ಹಿಡಿಯದ ಇನ್ನೊಂದಿದೆ: ಹುಟ್ಟಿನಿಂದ ಬಂದದ್ದು. ಐವತ್ತು ವರ್ಷಗಳ ಅವಳಿ ಮಕ್ಕಳ ಅಧ್ಯಯನಗಳ 2,748 ಪ್ರಬಂಧಗಳನ್ನು ಒಟ್ಟುಗೂಡಿಸಿ 2015ರಲ್ಲಿ ಲೆಕ್ಕ ಹಾಕಿದಾಗ, ಜನರ ನಡುವಿನ ವ್ಯತ್ಯಾಸಗಳಲ್ಲಿ ಸರಾಸರಿ ಶೇ 49ರಷ್ಟು ಆನುವಂಶಿಕ ಎಂದು ಕಂಡಿತು. ಇದು ಗುಂಪಿನ ಲೆಕ್ಕ. ನಿಮ್ಮ ಮಗಳ ಸಿಟ್ಟಿನಲ್ಲಿ ಅರ್ಧ ವಂಶದ್ದು ಎಂದು ಓದಿಕೊಳ್ಳಬಾರದು. ಆದರೆ ಒಂದೇ ಗದರಿಕೆ ಪುಕ್ಕಲು ಮಗುವಿಗೆ ನಾಟುತ್ತದೆ, ಗಟ್ಟಿಗ ಮಗುವಿಗೆ ತಾಗುವುದೇ ಇಲ್ಲ. "ದೊಡ್ಡವನನ್ನೂ ಹೀಗೇ ಬೆಳೆಸಿದ್ವಲ್ಲ" ಅನ್ನುವವರು ಈ 'ಹೀಗೇ' ಇಬ್ಬರಿಗೂ ಒಂದೇ ಆಗಿರಲಿಲ್ಲ ಎಂಬುದನ್ನು ಮರೆಯುತ್ತಾರೆ.

ಗೆಳೆಯರ ಪರವಾಗಿ ಗಟ್ಟಿಯಾಗಿ ವಾದಿಸಿದವರು ಅಮೆರಿಕದ ಜುಡಿತ್ ರಿಚ್ ಹ್ಯಾರಿಸ್, 1995ರಲ್ಲಿ. ವಲಸೆ ಬಂದವರ ಮಕ್ಕಳು ಹೊಸ ನಾಡಿನ ಭಾಷೆಯನ್ನು ಅಪ್ಪ-ಅಮ್ಮನ ಉಚ್ಚಾರದಲ್ಲಿ ಆಡುವುದಿಲ್ಲ, ಜೊತೆಯಲ್ಲಿ ಆಡುವ ಮಕ್ಕಳ ಉಚ್ಚಾರದಲ್ಲಿ ಆಡುತ್ತಾರೆ. ಮನೆಯಾಚೆಯ ನಡತೆಯೂ ಹಾಗೇ ಎಂಬುದು ಅವರ ನಿಲುವು. ಉಚ್ಚಾರ, ಉಡುಪು, ಬೈಗುಳ, ತಮಾಷೆಯ ವಿಷಯದಲ್ಲಿ ಇದನ್ನು ಅಲ್ಲಗಳೆಯುವುದು ಕಷ್ಟ. ತಂದೆತಾಯಿ ಲೆಕ್ಕಕ್ಕೇ ಇಲ್ಲ ಎನ್ನುವ ತನಕ ಎಳೆದರೆ ಮಾತ್ರ ವಾದ ಹರಿದುಹೋಗುತ್ತದೆ. ಕುಟುಂಬಗಳನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿ, ಒಂದು ಗುಂಪಿನ ತಂದೆತಾಯಿಗೆ ಮಾತ್ರ ತರಬೇತಿ ಕೊಟ್ಟ ಪ್ರಯೋಗಗಳಲ್ಲಿ ಆ ಮಕ್ಕಳ ಹಟ, ಜಗಳ ಇಳಿದದ್ದು ಮತ್ತೆ ಮತ್ತೆ ಕಂಡಿದೆ.

ಆ ತರಬೇತಿಗಳು ಹಿಡಿಯುವ ಎಳೆ ಯಾವುದೆಂದು ತಿಳಿಯಲು ಒಂದು ಸಂಜೆಯನ್ನು ಹತ್ತಿರದಿಂದ ನೋಡಿ. ಅಮ್ಮ ಅಡುಗೆಮನೆಯಿಂದಲೇ ಕೂಗುತ್ತಾರೆ: "ಫೋನ್ ಇಟ್ಟು ಹೋಮ್‌ವರ್ಕ್ ಮಾಡು." ಉತ್ತರವಿಲ್ಲ. ಎರಡನೇ ಸಲ ದನಿ ಏರುತ್ತದೆ. "ಒಂದ್ನಿಮಿಷ!" ಮೂರನೇ ಸಲಕ್ಕೆ "ಯಾವಾಗ್ಲೂ ನಂಗೇ ಹೇಳ್ತೀಯ" ಎಂಬ ಕಿರುಚಾಟ, ಬಾಗಿಲು. "ಏನಾದ್ರೂ ಮಾಡ್ಕೋ ಹೋಗು" ಎಂದು ಅಮ್ಮ ಕೈಚೆಲ್ಲುತ್ತಾರೆ. ಮನೆ ತಣ್ಣಗಾಗುತ್ತದೆ. ಇಲ್ಲಿ ಇಬ್ಬರಿಗೂ ಪಾಠ ಆಯಿತು: ಕಿರುಚಿದರೆ ಕೆಲಸ ತಪ್ಪುತ್ತದೆ ಎಂದು ಮಗಳಿಗೆ, ಬಿಟ್ಟುಕೊಟ್ಟರೆ ಕಿರುಚಾಟ ನಿಲ್ಲುತ್ತದೆ ಎಂದು ಅಮ್ಮನಿಗೆ. ಜೆರಾಲ್ಡ್ ಪ್ಯಾಟರ್ಸನ್ ಎಂಬ ಮನಶ್ಶಾಸ್ತ್ರಜ್ಞರು ಮನೆಮನೆಗಳಲ್ಲಿ ಇಂಥ ಜಗಳಗಳನ್ನು ದಾಖಲಿಸಿ ಈ ಸುತ್ತನ್ನು ಗುರುತಿಸಿದರು. ಹತ್ತು ಸಲದಲ್ಲಿ ಮೂರು ಸಲ ಗೆದ್ದರೂ ಸಾಕು, ಮಗು ಪಟ್ಟು ಬಿಡುವುದಿಲ್ಲ. ಯಾವಾಗಲೂ ಗೆಲ್ಲುವ ಮಗುವಿಗಿಂತ ಆಗೊಮ್ಮೆ ಈಗೊಮ್ಮೆ ಗೆಲ್ಲುವ ಮಗುವಿನ ಹಟವೇ ಬಿಡಿಸಲು ಕಷ್ಟ.

ಸುತ್ತನ್ನು ಮುರಿಯುವುದು ಅದರ ಮೊದಲ ತುದಿಯಲ್ಲಿ. ಐದು ನಿಮಿಷ ಮೊದಲೇ ಒಂದು ಸೂಚನೆ. ಹೊತ್ತಾದಾಗ ಹತ್ತಿರ ಹೋಗಿ, ಮುಖ ನೋಡಿ, ಮಾಮೂಲಿ ದನಿಯಲ್ಲಿ, ಮಾಡಬೇಕಾದ್ದನ್ನು ಒಂದೇ ಸಲ: "ಫೋನ್ ಮೇಜಿನ ಮೇಲಿಡು." ಹತ್ತು ಸೆಕೆಂಡು ಬಾಯಿ ಮುಚ್ಚಿಕೊಂಡು ಕಾಯಬೇಕು, ಹೆಚ್ಚಿನವರು ಎಡವುವುದು ಈ ಹತ್ತು ಸೆಕೆಂಡಿನಲ್ಲೇ. ಇಟ್ಟರೆ ತಕ್ಷಣ "ಹೇಳಿದ ಕೂಡಲೇ ಇಟ್ಟೆ, ಒಳ್ಳೇದಾಯ್ತು" ಅನ್ನಿ. 'ಜಾಣೆ' ಎಂಬ ಮೊಳದುದ್ದದ ಹೊಗಳಿಕೆಗಿಂತ ಏನು ಮಾಡಿದಳೆಂದು ಹೇಳುವ ಅರ್ಧ ವಾಕ್ಯ ಮೇಲು. ಇಡದಿದ್ದರೆ, ಮೊದಲೇ ತಿಳಿಸಿಟ್ಟ ಸಣ್ಣ ದಂಡ: ನಾಳೆಯ ಫೋನ್ ಸಮಯದಲ್ಲಿ 15 ನಿಮಿಷ ಕಡಿತ. "ಒಂದು ತಿಂಗಳು ಫೋನೇ ಇಲ್ಲ" ಅಂದರೆ ಮೂರನೇ ದಿನ ನೀವೇ ಕೊಡುತ್ತೀರಿ, ಅಲ್ಲಿಗೆ ನಿಮ್ಮ ಮಾತಿನ ಬೆಲೆ ಹೋಯಿತು. ಬಾಗಿಲು ಬಡಿದಾಗ ಹಿಂದೆ ಹೋಗಿ ವಾದ ಬೇಡ.

ಮೊದಲ ಕೆಲವು ದಿನ ಕಿರುಚಾಟ ಹೆಚ್ಚಾಗುತ್ತದೆ. ದಿನಾ ತೆರೆಯುತ್ತಿದ್ದ ಬಾಗಿಲು ತೆರೆಯದಿದ್ದಾಗ ಜೋರಾಗಿ ತಳ್ಳಿ ನೋಡುವ ಹಾಗೆ. "ಈ ಉಪಾಯ ನಡೆಯಲಿಲ್ಲ" ಎಂದು ಅಲ್ಲಿ ಸೋತರೆ, ಇನ್ನೂ ಜೋರಾಗಿ ಕಿರುಚಿದರೆ ಗೆಲುವು ಎಂದು ನೀವೇ ಕಲಿಸಿದಂತೆ. ಅಪ್ಪ ಒಂದು, ಅಮ್ಮ ಒಂದು ಹೇಳಿದರೂ ಅದೇ ಕಥೆ.

ಇದರ ಜೊತೆಗೆ ಎರಡು ವಾರ ಒಂದು ಪುಸ್ತಕದಲ್ಲಿ ಬರೆದಿಡಿ: ಎಷ್ಟು ಹೊತ್ತಿಗೆ, ಅದಕ್ಕೆ ಮೊದಲು ಏನು ನಡೆಯಿತು, ಅವಳು ಏನು ಮಾಡಿದಳು, ಆಮೇಲೆ ಏನಾಯಿತು. ಕೊನೆಯ ಕಾಲಂ ಮುಖ್ಯ; ಕೆಲಸ ತಪ್ಪಿತೇ, ಬೇಕಾದ್ದು ಸಿಕ್ಕಿತೇ, ಎಲ್ಲರ ಗಮನ ಅವಳ ಕಡೆ ತಿರುಗಿತೇ? ಜಗಳವೆಲ್ಲ ಶಾಲೆಯಿಂದ ಬಂದ ಮೊದಲ ಗಂಟೆಯಲ್ಲೇ ಇದ್ದರೆ, ದಿನವಿಡೀ ಬಿಗಿಹಿಡಿದುಕೊಂಡಿದ್ದ ಮಗು ಮನೆಯಲ್ಲಿ ಸಡಿಲಾಗುತ್ತಿರಬಹುದು. ಬಂದ ಕೂಡಲೇ ತಿನ್ನಲು ಕೊಟ್ಟು, ಅರ್ಧ ಗಂಟೆ ಯಾವ ಅಪ್ಪಣೆಯೂ ಇಲ್ಲದೆ ಬಿಟ್ಟುನೋಡಿ.

ಇನ್ನು ಟೀಚರ್. ಅಮೆರಿಕದ ಉತ್ತರ ಕೆರೊಲಿನಾದ ಒಂಬತ್ತನೇ ತರಗತಿಯ ಶಿಕ್ಷಕರನ್ನು ಕುರಿತ, 2018ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಅಂಕ ಏರಿಸುವ ಶಿಕ್ಷಕರೂ ಹಾಜರಿ-ಶಿಸ್ತು ಸುಧಾರಿಸುವ ಶಿಕ್ಷಕರೂ ಬಹುಪಾಲು ಬೇರೆ ಬೇರೆ ಎಂದು ಕಂಡಿತು. ಒಳ್ಳೆಯ ಟೀಚರ್ ತರಗತಿಯ ಗಾಳಿಯನ್ನೇ ಬದಲಿಸುತ್ತಾರೆ, ಅದೂ ಓರಗೆಯವರ ಮೂಲಕ. 1969ರಲ್ಲಿ ಮೊದಲು ವರದಿಯಾದ 'ಒಳ್ಳೆಯ ನಡತೆಯ ಆಟ' ಇದಕ್ಕೆ ಸಾಕ್ಷಿ: ತರಗತಿಯನ್ನು ಎರಡು ತಂಡ ಮಾಡಿ, ನಡುವೆ ಬಾಯಿ ಹಾಕಿದರೆ, ಜಾಗ ಬಿಟ್ಟೆದ್ದರೆ ಆ ತಂಡದ ಹೆಸರಿಗೆ ಒಂದು ಗೆರೆ. ಗೆರೆ ಕಡಿಮೆ ಇದ್ದ ತಂಡಕ್ಕೆ ಗೆಲುವು. ಎರಡೂ ತಂಡ ಮೊದಲೇ ಗೊತ್ತುಮಾಡಿದ ಮಿತಿಯೊಳಗಿದ್ದರೆ ಎರಡಕ್ಕೂ. ನಿನ್ನೆವರೆಗೆ ತುಂಟನ ಚೇಷ್ಟೆಗೆ ನಗುತ್ತಿದ್ದವರೇ ಇವತ್ತು "ಸುಮ್ನಿರೋ" ಅನ್ನುತ್ತಾರೆ. ಬೇಕೆಂದೇ ಕೆಡಿಸುವ ಮಗುವಿದ್ದರೆ ಅವನನ್ನು ಒಂಟಿ ತಂಡ ಮಾಡಬೇಕು, ಇಲ್ಲದಿದ್ದರೆ ಉಳಿದವರು ಅವನ ಮೇಲೆ ಮುಗಿಬೀಳುತ್ತಾರೆ. ನಿಮ್ಮ ಮಗಳ ಟೀಚರನ್ನು "ಹೇಗಿದ್ದಾಳೆ?" ಎಂದು ಕೇಳಬೇಡಿ. ಒಂದು ಕೆಲಸ ನಿಲ್ಲಿಸಿ ಇನ್ನೊಂದು ಶುರುಮಾಡಿಸುವಾಗ ಏನು ಹೇಳುತ್ತೀರಿ ಎಂದು ಕೇಳಿ, ಅದನ್ನೇ ಮನೆಗೆ ತನ್ನಿ.

ಹದಿಮೂರರ ಹೊತ್ತಿಗೆ ಗೆಳೆಯರ ತೂಕ ಏರುತ್ತದೆ. ಅಮೆರಿಕದ ಸಂಶೋಧಕರಾದ ಮಾರ್ಗೊ ಗಾರ್ಡ್ನರ್ ಮತ್ತು ಲಾರೆನ್ಸ್ ಸ್ಟೈನ್‌ಬರ್ಗ್ 306 ಜನರಿಗೆ ಕಾರಿನ ವಿಡಿಯೊ ಗೇಮ್ ಆಡಿಸಿ, 2005ರಲ್ಲಿ ಫಲಿತಾಂಶ ಪ್ರಕಟಿಸಿದರು. ಗೆಳೆಯರು ಜೊತೆಗಿದ್ದಾಗ 13ರಿಂದ 16ರವರು ಒಂಟಿಯಾಗಿ ಆಡಿದ ಅದೇ ವಯಸ್ಸಿನವರಿಗಿಂತ ಹೆಚ್ಚು ಅಪಾಯಕ್ಕೆ ಕೈಹಾಕಿದರು. ದೊಡ್ಡವರಲ್ಲಿ ಆ ವ್ಯತ್ಯಾಸ ಅಷ್ಟಿರಲಿಲ್ಲ. ಹಾಗೆಂದು ಎಲ್ಲಕ್ಕೂ 'ಸಹವಾಸ ದೋಷ' ಅನ್ನುವುದು ಸೋಮಾರಿ ಉತ್ತರ. ತಮ್ಮಂಥವರನ್ನೇ ಮಕ್ಕಳು ಹುಡುಕಿಕೊಳ್ಳುತ್ತಾರೆ, ಆಮೇಲೆ ಇನ್ನಷ್ಟು ಅವರಂತಾಗುತ್ತಾರೆ. ಬೈದು ಬಿಡಿಸಿದ ಸ್ನೇಹ ಕದ್ದು ನಡೆಯುತ್ತದೆ. ಅದರ ಬದಲು ಆ ಗೆಳತಿಯರನ್ನು ಮನೆಗೇ ಕರೆಸಿ, ಕಿವಿಗೆ ಬೀಳುವಷ್ಟು ದೂರದಲ್ಲಿ ನಿಮ್ಮ ಕೆಲಸ ಮಾಡಿಕೊಂಡಿರಿ. 14 ವರ್ಷದ ಮಕ್ಕಳ ಬಗ್ಗೆ ಸ್ವೀಡನ್ನಿನಲ್ಲಿ ನಡೆದು 2000ದಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, ತಂದೆತಾಯಿಗೆ ಗೊತ್ತಿರುವುದರಲ್ಲಿ ಹೆಚ್ಚಿನದು ಮಕ್ಕಳೇ ತಾವಾಗಿ ಹೇಳಿದ್ದು, ಕಾವಲು ಕಾದು ತಿಳಿದದ್ದಲ್ಲ. ಹೇಳಿದ ಮೊದಲ ಸುದ್ದಿಗೇ ಉಪದೇಶ ಶುರುವಾದರೆ ಎರಡನೇ ಸುದ್ದಿ ಬರುವುದಿಲ್ಲ.

ಎರಡು ವಾರದ ಬರಹ ನೋಡಿ ಇಷ್ಟೆಲ್ಲ ಮಾಡಿದ ಮೇಲೂ ಬದಲಾಗದಿದ್ದರೆ, ಅಥವಾ ಶಾಲೆಯಲ್ಲಿದ್ದ ಆ ಸಮಾಧಾನವೂ ಹೋಗಿ ಎಲ್ಲ ಕಡೆ ಒಂದೇ ರೀತಿ ಸಿಡುಕಲು ಶುರುಮಾಡಿದರೆ, ಆಗ ಮನೆ, ಗೆಳೆಯರು, ಟೀಚರ್ ಮೂವರನ್ನೂ ಪಕ್ಕಕ್ಕಿಟ್ಟು ಮಕ್ಕಳ ವೈದ್ಯರ ಬಳಿ ಹೋಗಿ: ಮೊದಲು ನಿದ್ದೆ, ಕಿವಿ, ಕಣ್ಣು, ಆಮೇಲೆ ಓದುವ ತೊಂದರೆ.